ಏನೂ ಗೊತ್ತಿಲ್ಲದ ಯಜಮಾನರು

"ಅಳಬೇಡ, ನಗಬೇಡ. ತಪ್ಪೆಲ್ಲ ನಂದೇ ಅನ್ನು, ಸಾಕು." ಚಳ್ಳಕೆರೆಯ ವಕೀಲರ ಕಚೇರಿಯ ಮೆಟ್ಟಿಲ ಮೇಲೆ ಮುರುಗೇಂದ್ರಪ್ಪ ಹೆಂಡತಿಗೆ ಕೊನೆಯ ಪಾಠ ಹೇಳಿದ.

ಅವನ ಎಣ್ಣೆ ಕಂಪನಿ ಶೇಂಗಾ ಎಣ್ಣೆಯ ಡಬ್ಬದಲ್ಲಿ ತಾಳೆ ಎಣ್ಣೆ ಮಾರಿ ಸಿಕ್ಕಿಬಿದ್ದಿತ್ತು. ನಿರ್ದೇಶಕರು ಇಬ್ಬರೇ. ಅವನೊಬ್ಬ, ಮನೆಯ ಲಕ್ಷ್ಮಿಯ ಹೆಸರಿದ್ದರೆ ಮಿಲ್ಲಿಗೆ ಒಳ್ಳೆಯದೆಂದು ಸೇರಿಸಿದ್ದ ಹೆಂಡತಿ ಗಂಗಾಂಬಿಕಾ ಇನ್ನೊಬ್ಬಳು. ಚಿತ್ರದುರ್ಗದಲ್ಲಿ ಏನೋ ನೌಕರಿಯಲ್ಲಿದ್ದವಳನ್ನು ಬಿಡಿಸಿ ಮದುವೆಯಾಗಿದ್ದ. ಇವತ್ತು ಕಂಪನಿ ನ್ಯಾಯಮಂಡಳಿ ತನ್ನನ್ನು ನಿರ್ದೇಶಕನಾಗಿರಲು ಅನರ್ಹಗೊಳಿಸಿದರೆ ತಳಕು ಊರಿನ ಹೊಸ ಮಿಲ್ಲಿನ ಅಧ್ಯಕ್ಷಗಿರಿ ಮಣ್ಣುಪಾಲು. ಅವಳು ಅನರ್ಹಳಾದರೆ? ಒಲೆ ಮುಂದೆ ಕೂರುವುದಕ್ಕೆ ಅರ್ಹತೆ ಯಾಕೆ!

ಇವರನ್ನು ಕಂಡದ್ದೇ ವಕೀಲ ಪಾಲಾಕ್ಷ ತಟ್ಟನೆ ಎದ್ದು ನಿಂತ. ಮುರುಗೇಂದ್ರಪ್ಪ ಹಿಗ್ಗಿದ. ಮರ್ಯಾದೆ ಅಂದರೆ ಇದು.

ತಪ್ಪೆಲ್ಲ ಹೆಂಡತಿಯ ತಲೆಗೆ ಕಟ್ಟುವ ಉಪಾಯ ಕೇಳಿ ವಕೀಲ ತಡವರಿಸಿದ. "ಅಲ್ಲ ಸಾರ್, ಗೊತ್ತಿಲ್ಲ ಅನ್ನೋದೂ ಒಂದು..."

"ನೀ ಸುಮ್ನಿರಪ್ಪ. ಮಾತಾಡೋದು ಅವಳು."

ಗಂಗಾಂಬಿಕಾ ಮೆಲ್ಲಗೆ ಕೇಳಿದಳು, "ನಿಮಗೆ ಏನೂ ಗೊತ್ತೇ ಇರ್ಲಿಲ್ಲ ಅನ್ಲಾ?"

"ಅನ್ನೇ! ಒತ್ತಿ ಒತ್ತಿ ಅನ್ನು!"

ಕಂಪ್ಯೂಟರ್ ಪರದೆಯ ಮೇಲೆ ಬೆಂಗಳೂರಿನ ನ್ಯಾಯಾಧೀಶರು ಮೂಡಿದರು.

"ಎಲ್ಲಾ ನಂದೇ, ಸ್ವಾಮಿ. ನಮ್ಮನೆಯವರು ದೇವರಂಥೋರು. ಲೆಕ್ಕ ಕೇಳಿಲ್ಲ. ಸಭೆಗೆ ಕೂತಿಲ್ಲ. ಡಬ್ಬದಾಗೆ ಏನೈತೆ ಅಂತ ಒಂದಿನ ಮೂಸಿ ನೋಡಿಲ್ಲ."

ಕ್ಯಾಮೆರಾದ ಆಚೆ ಮುರುಗೇಂದ್ರಪ್ಪ ಇನ್ನೂ, ಇನ್ನೂ ಎಂದು ಎರಡೂ ಕೈ ಬೀಸಿದ.

"ಕಂಪನಿ ಶುರುವಾದಾಗಿನಿಂದ ಹೀಗೆಯೇ?"

"ಶುರುವಾದಾಗಿಂದ್ಲೂ, ಸ್ವಾಮಿ."

ಅವನಿಗೆ ತಡೆಯಲಾಗಲಿಲ್ಲ. ಹೆಂಡತಿಯ ಕುರ್ಚಿಯನ್ನು ಸರಿಸಿ ಪರದೆಗೆ ಮುಖ ತೂರಿಸಿದ. "ತಾಯಾಣೆ, ಸ್ವಾಮಿ! ನನಗೊಂದೂ ಗೊತ್ತಿಲ್ಲ!"

ಊಟದ ಹೊತ್ತಿಗೆ ಆದೇಶ ಬಂತು. ವಂಚನೆಗಾಗಿ ಗಂಗಾಂಬಿಕಾ ಐದು ವರ್ಷ ಅನರ್ಹ. ಮುರುಗೇಂದ್ರಪ್ಪ ಗೆದ್ದ ಖುಷಿಗೆಂದು ತಂದಿದ್ದ ಪೇಡೆಯ ಡಬ್ಬಿಗೆ ಕೈ ಹಾಕಿದ.

ನ್ಯಾಯಾಧೀಶರು ಇನ್ನೂ ಮುಗಿಸಿರಲಿಲ್ಲ. ಕಂಪನಿಯತ್ತ ಕಣ್ಣೆತ್ತಿಯೂ ನೋಡದೆ ಕರ್ತವ್ಯ ಮರೆತದ್ದಾಗಿ ತಾನೇ ಆಣೆ ಮಾಡಿ ಒಪ್ಪಿಕೊಂಡ ನಿರ್ದೇಶಕನಿಗೂ ಐದು ವರ್ಷ.

ಪೇಡೆ ಬಾಯಲ್ಲೇ ಉಳಿಯಿತು. ಗಂಗಾಂಬಿಕಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದೇ ಅವನು ತಿಳಿದ.

"ಗೊತ್ತಿಲ್ದಿದ್ರೂ ತಪ್ಪಾ? ಇದ್ಯಾವ ಕಾನೂನಲೇ ಪಾಲಾಕ್ಷ? ಯಾವನಿಗೆ ಗೊತ್ತಿತ್ತು ಇದು?"

"ಮೇಡಂಗೆ ಗೊತ್ತಿತ್ತು, ಸಾರ್. ದುರ್ಗದ ಕಾಲೇಜಲ್ಲಿ ನಮಗೆ ಕಂಪನಿ ಕಾನೂನು ಪಾಠ ಮಾಡ್ತಿದ್ದೋರು ಇವರೇ."