ನೀಲಕ್ಕನ ಡಬ್ಬಿ

ವೈಫೈ ಈಗ ಮಾತುಕತೆಯಿರುವ ಮನೆಗಳ ನಡುವೆ ಮಾತ್ರ ಹರಿಯುತ್ತದೆ. ಇಂದುಮತಿಯ ಮನೆಯಲ್ಲಿ ಅದು ಹದಿನೈದು ದಿನದಿಂದ ಬಂದು ಬಂದು ಹೋಗುತ್ತಿತ್ತು. ಮಗಳ ವಿಡಿಯೋ ಸಂದರ್ಶನಕ್ಕೆ ಇನ್ನು ಅರ್ಧ ಗಂಟೆ.

ರಿಪೇರಿಗೆ ಬಂದ ದಾವಲಸಾಬ ರೂಟರ್ ಮುಟ್ಟಲಿಲ್ಲ. ಸೀದಾ ಅಡುಗೆಮನೆಯ ಕಪಾಟು ನೋಡಿದ.

“ಈ ಡಬ್ಬಿ ಯಾರದ್ರಿ ಅಕ್ಕಾರ?”

“ಬಾಜೂ ಮನಿ ನೀಲಕ್ಕಂದು. ಯುಗಾದಿಗೆ ಹೋಳಿಗಿ ಕೊಟ್ಟಿದ್ರು. ಖಾಲಿ ಡಬ್ಬಿ ಹೆಂಗ ಕೊಡೂದಂತ ಹಂಗ ಇಟ್ಟೀನಿ.”

“ಏನರೆ ತುಂಬಿ ಕೊಟ್ಟ ಬರ್ರಿ.”

ಇಂದುಮತಿ ಮನೆಯಲ್ಲಿದ್ದ ಅವಲಕ್ಕಿ ಚೂಡಾ ತುಂಬಿಕೊಂಡು ಹೋದಳು. ನೀಲಕ್ಕ ಡಬ್ಬಿಯ ಕಡೆ ನೋಡಲೇ ಇಲ್ಲ.

“ಹೋಳಿಗಿ ಹೆಂಗಿತ್ತಂತ ಒಂದ ಮಾತ ಹೇಳಲಿಲ್ಲ ನೀ.”

“ಬಾಯಾಗ ಇಟ್ರ ಕರಗತಿತ್ತ, ಯಕ್ಕಾ.”

ಹಿಂದಿನಿಂದ ಮಗಳು ಕೂಗಿದಳು: “ಅವ್ವಾ, ಬಂತು! ಮಾತ ನಿಲ್ಲಸಬ್ಯಾಡ್ರಿ!”

ಇಬ್ಬರೂ ಕಟ್ಟೆಯ ಮೇಲೆ ಕೂತರು. ಯುಗಾದಿಯಿಂದ ಉಳಿದ ಮಾತು ಬಹಳವಿತ್ತು.