ಬಲಕ್ಕೆ ಎಳೆಯುವ ಲಾರಿ

"ಲಾರಿ ಕೆಟ್ಟಿದೆಯೋ, ಓಡಿಸೋ ಕೈ ಕೆಟ್ಟಿದೆಯೋ, ಇವತ್ತೇ ಇತ್ಯರ್ಥ ಆಗ್ಲಿ. ತಪ್ಪು ಯಾರದೋ ಅವರು ಇವತ್ತೇ ಕೆಲಸ ಬಿಟ್ಟು ಇಳೀಬೇಕು!" ಲಾರಿಯ ಯಜಮಾನ ಗ್ಯಾರೇಜಿನ ಬಾಗಿಲಲ್ಲೇ ನಿಂತು ಗುಡುಗಿದ.

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟಳು. ಗ್ಯಾರೇಜು ಅವಳ ಅಪ್ಪನ ಕಾಲದ್ದು. ಎದುರಿಗೆ ನಿಂತಿದ್ದ ಲಾರಿಯೂ ಅದೇ ಕಾಲದ್ದು. ಎಲ್ಲರ ಬಾಯಲ್ಲೂ ಅದು 'ಮುದುಕಿ'. ಮುದುಕಿಗೆ ಈಗ ಇಬ್ಬರು ಡ್ರೈವರುಗಳು. ಒಬ್ಬ ಯಜಮಾನನ ಭಾವಮೈದುನ, ಬಂದು ಹದಿನೈದು ದಿನವಾಗಿತ್ತು. ಇನ್ನೊಬ್ಬ ನೇರಣ್ಣ. ಮಾತೂ ನೇರ, ಲಾರಿಯೂ ನೇರ ಎಂದು ಜನ ಇಟ್ಟ ಹೆಸರು. ಮೇಸ್ತ್ರಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವನೂ ಅವನೇ. ಅವನು ಸುಳ್ಳು ಹೇಳಿದ್ದನ್ನು ಅವಳು ಕೇಳಿಯೇ ಇರಲಿಲ್ಲ.

"ಬಲಕ್ಕೆ ಎಳೆಯುತ್ತೆ ಅಕ್ಕ," ಎಂದ ಭಾವಮೈದುನ. "ಸ್ವಲ್ಪ ಸಡಿಲ ಬಿಟ್ಟರೆ ಎದುರು ಬರೋ ಬಸ್ಸಿಗೇ ಮುತ್ತು ಕೊಡೋಕೆ ಹೋಗುತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದ ನೇರಣ್ಣ. ಹಳೇ ಟೈರಿನ ಮೇಲೆ ರಾಜನ ಹಾಗೆ ಕುಳಿತಿದ್ದ. ಬಲ ಹೆಗಲಿನಿಂದ ದೊಡ್ಡ ಟವೆಲ್ಲು ಇಳಿಬಿದ್ದಿತ್ತು, ಎಡಗೈಯಲ್ಲಿ ಚಹಾ ಲೋಟ. "ನನ್ನ ಹತ್ರ ಮುದುಕಿ ಹಾಗೆಲ್ಲ ಆಡಲ್ಲ. ನನ್ನನ್ನ ಇಳಿಸೋ ಗಂಡು ಇನ್ನೂ ಹುಟ್ಟಿಲ್ಲ."

"ನೋಡಿ ಅಕ್ಕ, ಮೊದಲ ದಿನ ನಾನೇ ಕೈ ಕುಲುಕೋಕೆ ಹೋದ್ರೆ ಇವರು ಮುಖ ತಿರುಗಿಸಿಕೊಂಡು ಹೋದ್ರು. ಆವತ್ತಿಂದ ಹೀಗೇ."

ಮೇಸ್ತ್ರಿ ಇಬ್ಬರಿಗೂ ಬೀದಿಯ ಕೊನೆಯಿಂದ ಓಡಿಸಿಕೊಂಡು ಬರಲು ಹೇಳಿದಳು. ತಾನು ಒಳಗೆ ಕೂರಲಿಲ್ಲ. ಚಕ್ರದ ಕಾಯಿಲೆ ತಿಳಿಯಬೇಕಾದರೆ ಎದುರು ನಿಂತು ಚಕ್ರವನ್ನೇ ನೋಡು, ಡ್ರೈವರನ್ನಲ್ಲ ಎಂದು ಅಪ್ಪ ಕಲಿಸಿದ್ದ. ಅವಳು ನೆಲಕ್ಕೆ ಕುಕ್ಕರಿಸಿ ನೋಡಿದಳು. ಭಾವಮೈದುನ ತಂದಾಗ ಮುದುಕಿ ಬಲಕ್ಕೆ ವಾಲಿಕೊಂಡೇ ಬಂತು. ನೇರಣ್ಣ ತಂದಾಗ ದಾರ ಹಿಡಿದ ಹಾಗೆ ನೆಟ್ಟಗೆ ಬಂತು.

"ಕಂಡೆಯಾ?" ಎಂದು ಯಜಮಾನ ಭಾವಮೈದುನನ ಕಡೆ ಕಣ್ಣು ಕೆಕ್ಕರಿಸಿದ. ಹುಡುಗನ ಮುಖ ಇಳಿದುಹೋಯಿತು.

ಆದರೆ ಮೇಸ್ತ್ರಿಗೆ ಸಮಾಧಾನವಾಗಲಿಲ್ಲ. ಒಂದೇ ಲಾರಿಗೆ ಎರಡು ಬುದ್ಧಿ ಇರುವುದಿಲ್ಲ. ಒಂದೊಂದೇ ಮುಂಚಕ್ರದ ನಡುಭಾಗ ಮುಟ್ಟಿ ನೋಡಿದಳು. ಬ್ರೇಕು ಹಿಡಿದುಕೊಂಡಿದ್ದರೆ ಒಂದು ಕಡೆ ಸುಡಬೇಕಿತ್ತು, ಸುಡಲಿಲ್ಲ. ಜಾಕ್ ಕೊಟ್ಟು ಎತ್ತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಳು. ಚಕ್ರ ಹೊರಳಲು ಆಧಾರವಾದ ಕಿಂಗ್‌ಪಿನ್ ವಯಸ್ಸಿಗೆ ತಕ್ಕಷ್ಟು ಲೊಡಗುಟ್ಟಿತು, ಹೆಚ್ಚಿಲ್ಲ. ಅಕ್ಕಪಕ್ಕ ಅಲ್ಲಾಡಿಸಿದಳು. ಸ್ಟೀರಿಂಗ್ ರಾಡುಗಳೆಲ್ಲ ಬಿಗಿ. ಕೊನೆಗೆ ಬಲ ಟೈರಿನ ಮೇಲೆ ಅಂಗೈ ಆಡಿಸಿದಳು. ನಡುವೆ ಗೆರೆಗಳು ಎದ್ದು ನಿಂತಿದ್ದವು, ಎರಡೂ ಅಂಚು ಬೋಳಾಗಿದ್ದವು. ಗಾಳಿ ಕಡಿಮೆಯಾದ ಟೈರಿನ ಸವೆತ ಅದು.

ಗಾಳಿ ಅಳೆದಳು. ಎಡಗಡೆ ಸರಿಯಾಗಿತ್ತು, ಬಲಗಡೆ ತೀರಾ ಕಡಿಮೆ. ಸೋಪುನೀರು ಸವರಿದಳು, ಒಂದು ಗುಳ್ಳೆಯೂ ಏಳಲಿಲ್ಲ. ಎಡ ಟೈರಿನ ವಾಲ್ವಿನ ಮುಚ್ಚಳಕ್ಕೆ ಮಣ್ಣು ಮೆತ್ತಿ ಗಟ್ಟಿಯಾಗಿತ್ತು. ಬಲಗಡೆಯದು ಫಳಫಳ ಹೊಳೆಯುತ್ತಿತ್ತು.

"ಪಂಕ್ಚರ್ ಅಲ್ಲ," ಎಂದಳು ನಿಧಾನವಾಗಿ. "ಯಾರೋ ಬೇಕಂತಲೇ ಗಾಳಿ ತೆಗೀತಾ ಇದ್ದಾರೆ."

ಗಾಳಿ ತುಂಬಿ ಭಾವಮೈದುನನಿಗೆ ಓಡಿಸಲು ಕೊಟ್ಟಳು. ಮುದುಕಿ ಈಗ ಅವನ ಕೈಯಲ್ಲೂ ನೆಟ್ಟಗೆ ಬಂತು.

"ನೇರಣ್ಣ, ನೀವೂ ಒಂದು ಸುತ್ತು."

"ಯಾಕೆ? ನಾನೇನು ಸಂತೆಗೆ ಬಂದ ಕುದುರೆಯೇ, ಎಲ್ಲರಿಗೂ ಓಡಿ ತೋರಿಸೋಕೆ?" ಅವನ ದನಿ ಏರಿತು. "ಯಾರನ್ನ ಕೇಳಿ ಗಾಳಿ ತುಂಬಿದೆ ನೀನು?"

ಯಜಮಾನ ನಿಧಾನವಾಗಿ ಅವನ ಕಡೆ ತಿರುಗಿದ. "ನೀನಾ? ನನ್ನ ಭಾವಮೈದುನನಿಗೆ ಕೆಟ್ಟ ಹೆಸರು ತರೋಕೆ ನೀನು ಗಾಳಿ ತೆಗೀತಿದ್ದೆಯಾ?"

ನೇರಣ್ಣ ಲೋಟ ಕೆಳಗಿಟ್ಟು ಎದ್ದು ನಿಂತ. ಎದೆ ಉಬ್ಬಿತು.

"ಹೌದು, ನಾನೇ. ನಿಮ್ಮ ಹುಡುಗ ನನ್ನ ಸೀಟಿನಲ್ಲಿ ಕೂರೋದು ನನಗೆ ಸಹಿಸೋಕಾಗಲಿಲ್ಲ. ಏನ್ ಮಾಡ್ತೀರಿ, ಮಾಡಿ."

ಉಂಡ ಮನೆಗೆ ಎರಡು ಬಗೆದವನು ಎಂದು ಯಜಮಾನ ಬಾಯಿಗೆ ಬಂದಂತೆ ಬೈದ. ನೇರಣ್ಣ ತಲೆ ತಗ್ಗಿಸಲಿಲ್ಲ. ಆ ಮನುಷ್ಯ ಇಷ್ಟು ಸಣ್ಣವನಾಗಿರುವುದನ್ನು ಮೇಸ್ತ್ರಿಗೆ ನೋಡಲಾಗಲಿಲ್ಲ. ಕಣ್ಣು ತಪ್ಪಿಸಲು ಟೈರಿನ ಕಡೆ ನೋಡಿದಳು, ಅಂಚನ್ನು ಮತ್ತೆ ಸವರಿದಳು. ಅಲ್ಲೇ ಅವಳ ಕೈ ನಿಂತಿತು.

ಹತ್ತಿರ ಹೋಗಿ ಪಿಸುಗುಟ್ಟಿದಳು. "ನೇರಣ್ಣ, ಇದು ಹದಿನೈದು ದಿನದ ಸವೆತ ಅಲ್ಲ. ಐದಾರು ತಿಂಗಳದ್ದು. ಆ ಹುಡುಗ ಆಗಿನ್ನೂ ಬಂದೇ ಇರಲಿಲ್ಲ."

"ಬಾಯಿ ಮುಚ್ಚು ಮಗಳೇ." ದನಿ ಮೊದಲ ಸಲ ಇಳಿದಿತ್ತು, ಕಣ್ಣು ಮಾತ್ರ ಇಳಿದಿರಲಿಲ್ಲ. "ಹೊಟ್ಟೆಕಿಚ್ಚಿನ ಮುದುಕ ಅಂತ ಊರೆಲ್ಲ ಆಡಿಕೊಳ್ಳಲಿ. 'ಅಯ್ಯೋ ಪಾಪ' ಅಂತ ಮಾತ್ರ ಒಬ್ಬನೂ ಅನ್ನಕೂಡದು."

"ಏನದು ಗುಸುಗುಸು? ನಿನ್ನ ಹತ್ರ ಇರೋ ಕೀ ಇಟ್ಟು ಹೊರಡು!" ಎಂದು ಯಜಮಾನ ಕೂಗಿದ.

ಲಾರಿಯ ಎರಡನೇ ಕೀ ಬಲ ಜೇಬಿನಲ್ಲಿತ್ತು. ನೇರಣ್ಣನ ಎಡಗೈ ಹೊಟ್ಟೆಯನ್ನು ಬಳಸಿ ಬಂದು ಅದನ್ನು ತೆಗೆಯಿತು. ಟವೆಲ್ಲು ಜಾರಿ ನೆಲಕ್ಕೆ ಬಿತ್ತು. ಇಷ್ಟು ಹೊತ್ತೂ ಚಕ್ರವನ್ನೇ ನೋಡಿದ್ದ ಮೇಸ್ತ್ರಿ ಈಗ ಡ್ರೈವರನ್ನು ನೋಡಿದಳು.

ಇಷ್ಟು ತಿಂಗಳೂ ಅವನ ಎಡಗೈಯೊಂದೇ ಸ್ಟೀರಿಂಗನ್ನು ಎಡಕ್ಕೆ ಎಳೆದಷ್ಟೂ, ಗಾಳಿ ಇಳಿದ ಮುದುಕಿ ಬಲಕ್ಕೆ ಎಳೆದು ದಾರಿಯನ್ನು ನೇರ ಮಾಡುತ್ತಿತ್ತು. ಅವನ ಬಲಗೈ ಒಂದು ಬೆರಳನ್ನೂ ಮಡಿಸಲಾರದೆ ಪಕ್ಕದಲ್ಲಿ ಜೋತುಬಿದ್ದಿತ್ತು.