ಐವರು ಮುತ್ತೈದೆಯರು

“ಕಾಕೂ, ತಪ್ಪ ತಿಳ್ಕೋಬ್ಯಾಡ್ರಿ. ಸರಸ್ವತಿ ಪೂಜಾ ಐದು ಮಂದಿ ಮುತ್ತೈದೆಯರ ಕೈಲೆ ಆಗಬೇಕಂತ ಆಚಾರ್ರು ಹೇಳ್ಯಾರ. ನೀವು ಹಿಂದಿನ ಸಾಲಿನ್ಯಾಗ ಆರಾಮ ಕೂಡ್ರಿ. ಅಲ್ಲೆ ಫ್ಯಾನೂ ಅದ.”

ಹೀಗೆಂದವನು ಪುಣೆಯ ಕೋಥರೂಡಿನ ಕನ್ನಡ ಗ್ರಂಥಾಲಯದ ಅಧ್ಯಕ್ಷ ಪ್ರಲ್ಹಾದ. ಹೇಳಿಸಿಕೊಂಡವರು ಆ ಗ್ರಂಥಾಲಯವನ್ನು ಹುಟ್ಟುಹಾಕಿದ ಅಂಬಾಬಾಯಿ. ಹೋದ ವರ್ಷ ಅವರ ಗಂಡ ತೀರಿಕೊಂಡಿದ್ದರು. ಹೊಸ ಕಟ್ಟಡದ ಉದ್ಘಾಟನೆಗೆ ದೀಪ ಹಚ್ಚಲೆಂದು ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದವರನ್ನು ಅವನು ಅರ್ಧಕ್ಕೇ ತಡೆದಿದ್ದ.

ಬೇರೆ ಯಾರಾದರೂ ಈ ಮಾತು ಆಡಿದ್ದರೆ ಅಂಬಾಬಾಯಿ ನುಂಗಿಕೊಳ್ಳುತ್ತಿದ್ದರೋ ಏನೋ. ಆಡಿದವನು ಪ್ರೇಮಾವತಿಯ ಮಗ.

ಸಂಕ್ರಾಂತಿಯ ಅರಿಷಿಣ-ಕುಂಕುಮಕ್ಕೆ ಬಂದ ಹೆಂಗಸರಿಗೆ ಒಂದು ಬಟ್ಟಲೋ ಡಬ್ಬಿಯೋ ವಾಣವೆಂದು ಕೊಡುವುದು ಪುಣೆಯ ರೂಢಿ. ನಲವತ್ತು ವರ್ಷಗಳ ಹಿಂದೆ ಅಂಬಾಬಾಯಿಯ ಮನೆಯಲ್ಲಿ ಓಣಿಯ ಕನ್ನಡ ಹೆಂಗಸರೆಲ್ಲ ವಾಣ ಹಿಡಿದು ನಗುತ್ತಿದ್ದಾಗ, ಪಕ್ಕದ ಮನೆಯ ಪ್ರೇಮಾವತಿ ಅಡುಗೆಮನೆಯಲ್ಲಿ ಎಳ್ಳುಬೆಲ್ಲ ಕಟ್ಟುತ್ತ ನಿಂತಿದ್ದಳು. ಚಿಕ್ಕ ವಯಸ್ಸು, ಗಂಡ ಇಲ್ಲ. ಕೆಲಸಕ್ಕೆ ಬೇಕು, ಕುಂಕುಮಕ್ಕೆ ಬೇಡ. ಅಂಬಾಬಾಯಿಗೆ ಮೈಯೆಲ್ಲ ಉರಿದುಹೋಗಿತ್ತು. ಕಪಾಟಿನಿಂದ ಒಂದು ಕಾದಂಬರಿ ತೆಗೆದು, ಎಲ್ಲರೆದುರು ಅವಳ ಕೈಯಲ್ಲಿಟ್ಟು, “ಪುಸ್ತಕಕ್ಕ ಯಾವ ಶಾಸ್ತ್ರಾನೂ ಅಡ್ಡ ಬರೂದಿಲ್ಲ. ಇದು ನಿನ್ನ ವಾಣ” ಎಂದಿದ್ದರು. ಮರುವರ್ಷದಿಂದ ಬಟ್ಟಲುಗಳು ನಿಂತವು. ಎಲ್ಲರೂ ಪುಸ್ತಕವನ್ನೇ ಕೊಟ್ಟರು, ಓದಿ ಮುಗಿಸಿದ್ದನ್ನು ಅಂಬಾಬಾಯಿಯ ಪಡಸಾಲೆಗೆ ತಂದಿಟ್ಟರು. ಗ್ರಂಥಾಲಯ ಆದದ್ದು ಹೀಗೆ. ಪ್ರೇಮಾವತಿ ಸಾಯುವ ತನಕ ಅದನ್ನು ನಡೆಸಿದಳು. ಹೊಸ ಕಟ್ಟಡಕ್ಕೆ ಮಗ ಅವಳದೇ ಹೆಸರಿಟ್ಟಿದ್ದ.

ಅಂಬಾಬಾಯಿ ಮೆಟ್ಟಿಲು ಇಳಿಯಲಿಲ್ಲ. “ಈ ಲೈಬ್ರರಿ ಯಾಕ ಹುಟ್ಟಿತು ಅಂತ ಗೊತ್ತದ ಏನೋ ನಿನಗ?”

“ಎಲ್ಲಾ ಗೊತ್ತದ ಕಾಕೂ. ಭಾಷಣದಾಗ ಹೇಳಾಂವ ಇದ್ದೀನಿ. ಆದ್ರ ಪದ್ಧತಿ ಅಂತ ಒಂದು ಅದ ಅಲ್ರೀ. ಮಂದಿ ಏನಂತಾರ?”

“ನಿಮ್ಮವ್ವ ಇದ್ದಿದ್ರ ಆಕೀನ್ನ ಎಲ್ಲೆ ಕೂಡಸ್ತಿದ್ದಿ?”

ಪ್ರಲ್ಹಾದ ವಾಚು ನೋಡಿಕೊಂಡು, “ಮುಹೂರ್ತ ಮೀರ್ತದ್ರಿ” ಎಂದ. ಇಷ್ಟೊಂದು ಪುಸ್ತಕಗಳ ನಡುವೆ ಬೆಳೆದವನಿಗೆ ಹೊಳೆದ ಉತ್ತರ ಅದೊಂದೇ. ಆರತಿ ತಟ್ಟೆ ಹಿಡಿದ ಐವರು ಮುತ್ತೈದೆಯರು ಸೆರಗು ಸರಿಮಾಡಿಕೊಂಡರು. ಅವರಲ್ಲಿ ಕೆಲವರು ಕನ್ನಡ ಓದಲು ಕಲಿತದ್ದೇ ಅಂಬಾಬಾಯಿಯ ಪಡಸಾಲೆಯಲ್ಲಿ. ಹತ್ತಿದ ಏಣಿಯನ್ನು ಒದೆಯುವಾಗ ಯಾರೂ ಸದ್ದು ಮಾಡುವುದಿಲ್ಲ.

ಅಂಬಾಬಾಯಿ ಅವನನ್ನು ಪಕ್ಕಕ್ಕೆ ಸರಿಸಿ ವೇದಿಕೆ ಹತ್ತಿದರು. ಸರಸ್ವತಿಯ ಪಕ್ಕದಲ್ಲಿ ಪ್ರೇಮಾವತಿಯ ಫೋಟೊ ಇಟ್ಟು ಹಾರ ಹಾಕಲಾಗಿತ್ತು. ಹಾರದ ಸಮೇತ ಅದನ್ನೆತ್ತಿ ಎದೆಗವಚಿಕೊಂಡು, ಸಭೆಯ ನಡುವೆಯೇ ನಡೆದು ಹಿಂದಿನ ಸಾಲಿಗೆ ಹೋದರು. ಒಂದು ಕುರ್ಚಿಯ ಮೇಲೆ ಫೋಟೊ ಇಟ್ಟು, ಪಕ್ಕದ ಕುರ್ಚಿಯಲ್ಲಿ ತಾವು ಕುಳಿತರು.

ಪ್ರಲ್ಹಾದ ಓಡಿಬಂದ. “ಕಾಕೂ, ಏನಿದು? ಅವ್ವನ ಫೋಟೊ ಅಲ್ಲೆ ಇರಬೇಕಲ್ರೀ.”

“ಆಕೀನೂ ಮುತ್ತೈದಿ ಅಲ್ಲಪಾ. ನಾವಿಬ್ರೂ ಇಲ್ಲೇ ಕೂಡ್ತೀವಿ. ನೀ ಹೋಗು, ನಿನ್ನ ಪೂಜಾ ಸುರು ಮಾಡು.”